ಮಾಳವ್ವನನ್ನು ಬದುಕಿಸಿದ ತಪ್ಪಿಗೆ

ಒಂದು ಸಿನಿಮಾ ನೋಡಿ ಬಂದರೆ ಸಂಸಾರಕ್ಕೆ ಏನು ಕೇಡು ಬಂದೀತು? ಹೀಗೆ ಅಂದುಕೊಂಡೇ ನಾನು ಹೊನ್ನಾಳಿಯ ಟಾಕೀಸಿಗೆ ನಾಲ್ಕು ಟಿಕೆಟ್ ತೆಗೆಸಿದೆ. ನನಗೆ ಮತ್ತು ನನ್ನ ಹೆಂಡತಿ ಗಿರಿಜಾಗೆ ಎರಡು, ಹೊನ್ನಾಳಿಯಲ್ಲೇ ಇರುವ ಅವಳ ಅಕ್ಕನಿಗೆ ಮತ್ತು ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ ರುದ್ರಣ್ಣನಿಗೆ ಎರಡು. ಚನ್ನಗಿರಿಯಲ್ಲಿ ಬಸ್ಸು ಹತ್ತುವಾಗ ಕಿಟಕಿ ಪಕ್ಕದ ಸೀಟನ್ನು ನಾನಾಗಿಯೇ ಗಿರಿಜಾಗೆ ಬಿಟ್ಟುಕೊಟ್ಟೆ. ನನ್ನ ಆತ್ಮವಿಶ್ವಾಸ ಆ ಮಟ್ಟದಲ್ಲಿತ್ತು!

ಅದು ಅಂತಿಂಥ ಸಿನಿಮಾ ಅಲ್ಲ. ‘ಉರಿಗಲ್ಲ ಕೋಟೆ’ ಎಂಬ ನಾಲ್ಕು ಸಂಪುಟಗಳ ಕಾದಂಬರಿಯನ್ನು ಆಧರಿಸಿದ್ದು. ಒಂದು ಸಿಂಹಾಸನ, ಅದಕ್ಕೆ ಎಂಟು ಜನ ರಾಜರು, ಬೆಂಕಿ ಉಗುಳುವ ರೆಕ್ಕೆಯ ಹಾವು, ಕಾಡಿನಲ್ಲಿ ಬೆಳೆದ ರಾಜಕುಮಾರ, ಅವನನ್ನು ಸಾಕಿದ ಮುದುಕಿ ಮಾಳವ್ವ. ನಮ್ಮ ಊರಿನಲ್ಲಿ ನಾಲ್ಕೂ ಸಂಪುಟ ಓದಿ ಮುಗಿಸಿದವರು ಮೂರೇ ಜನ. ಅದರಲ್ಲಿ ನಾನೊಬ್ಬ. ಗಿರಿಜಾ ಓದಿರಲಿಲ್ಲ, ನಾನು ಅವಳಿಗೆ ಓದಿ ಹೇಳಿದ್ದೆ. ಎಡವಟ್ಟು ಇರುವುದೇ ಇಲ್ಲಿ.

ಹಿಂದಿನ ವರ್ಷ ಜಗಳೂರಿನಲ್ಲಿ ನಮ್ಮ ಅತ್ತೆ ತೀರಿಕೊಂಡರು. ಗಿರಿಜಾ ಅಳಲಿಲ್ಲ. ಬಂದವರಿಗೆ ಚಹಾ ಕೊಟ್ಟಳು, ಅಡುಗೆಯವರಿಗೆ ಉಪ್ಪು ಖಾರ ಹೇಳಿದಳು, ಅಳುತ್ತಿದ್ದ ಅಕ್ಕನಿಗೆ ಸಮಾಧಾನ ಮಾಡಿದಳು. ಎಲ್ಲರೂ ಅವಳನ್ನು ಗಟ್ಟಿಗಿತ್ತಿ ಎಂದು ಹೊಗಳಿದರು. ಚನ್ನಗಿರಿಗೆ ಮರಳಿದ ವಾರಕ್ಕೆ ಗಟ್ಟಿಗಿತ್ತಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಆರು ವಾರ ಪ್ಲಾಸ್ಟರು. ಮನೆಯ ಮುಂದಿನ ಕೋಣೆಯಲ್ಲಿ ದಿನವಿಡೀ ಬ್ಲೌಸು ಹೊಲಿಯುತ್ತಾ, ಬಂದವರ ಜೊತೆ ಹರಟುತ್ತಾ ಇದ್ದವಳು ಈಗ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಜಗಳ ಕೂಡ ಆಡಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು.

ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಹೆಂಡತಿಯ ದುಃಖಕ್ಕೆ ಸೂತ್ರ ಗೊತ್ತಿಲ್ಲ. ಗ್ರಂಥಾಲಯಕ್ಕೆ ಹೋಗಿ, ಕಪಾಟಿನಲ್ಲಿದ್ದ ಪುಸ್ತಕಗಳಲ್ಲೇ ಅತಿ ದಪ್ಪನೆಯದನ್ನು ತಂದು ಸಂಜೆ ಸಂಜೆ ಓದತೊಡಗಿದೆ. ಎರಡು ದಿನ ಗೋಡೆಯೇ ಕೇಳಿಸಿಕೊಂಡಿತು. ಮೂರನೆಯ ದಿನ ಮಾಳವ್ವ ಬಂದಳು. ಗಿರಿಜಾ ಇತ್ತ ತಿರುಗಿದಳು.

“ಈಕಿ ನಮ್ಮವ್ವನ ಥರನೇ ಇದಾಳಲ್ರೀ” ಅಂದಳು.

ಅಂದಿನಿಂದ ಸಂಜೆ ಆಗುವುದನ್ನೇ ಕಾಯತೊಡಗಿದಳು. ನಾನೂ ಹುರುಪಿನಿಂದ ಓದುತ್ತಾ ಹೋದೆ. ಎರಡನೆಯ ಸಂಪುಟದ ಇನ್ನೂರ ಹನ್ನೆರಡನೆಯ ಪುಟ ಬಂತು. “ರಾಜಕುಮಾರನಿಗೆ ಗುರಿಯಿಟ್ಟ ವಿಷದ ಬಾಣಕ್ಕೆ ಮಾಳವ್ವ ಅಡ್ಡ ಬಂದಳು. ಬಾಣ ಅವಳ ಎದೆಗೆ…” ಎಂದು ಓದಿ, ಮುಂದಿನ ಸಾಲು ಕಣ್ಣಿಗೆ ಬಿದ್ದು, ನಿಂತೆ. ಗಿರಿಜಾ ಎದ್ದು ಕೂತಿದ್ದಳು. “ಎದೆಗೆ ಏನಾತು?” ಎಂದಳು. ಅವಳ ಮುಖ ನೋಡಿ ನನ್ನ ಬಾಯಿ ತಾನಾಗಿಯೇ ಹೇಳಿಬಿಟ್ಟಿತು: “ಎದೆಗೆ ಬೀಳುವಷ್ಟರಲ್ಲಿ ಕೈಯಲ್ಲಿದ್ದ ರೊಟ್ಟಿ ಹಂಚನ್ನು ಅಡ್ಡ ಹಿಡಿದಳು. ಬಾಣ ಠಣ್ ಎಂದು ನೆಲಕ್ಕೆ ಬಿತ್ತು.”

ಗಿರಿಜಾ ನಕ್ಕಳು. ಎರಡು ತಿಂಗಳಲ್ಲಿ ಅದೇ ಮೊದಲ ನಗು. ಆ ನಗುವಿಗೋಸ್ಕರ ನಾನು ಕಾದಂಬರಿಕಾರನ ಕೈ ಕಾಲು ಕಟ್ಟಿ ಮೂಲೆಗೆ ಹಾಕಿದೆ. ವಿದ್ಯಾರ್ಥಿಗಳು ಒಂದು ಹಂತ ಬಿಟ್ಟರೆ ಅಂಕ ಕಳೆಯುವ ನಾನು ಇಡೀ ಒಂದು ಸಾವನ್ನೇ ಬಿಟ್ಟುಬಿಟ್ಟೆ!

ಬದುಕಿಸುವುದು ಸುಲಭ, ಆಮೇಲೆ ಸಾಕುವುದು ಕಷ್ಟ. ಇನ್ನೂ ಎರಡೂವರೆ ಸಂಪುಟ ಬಾಕಿ ಇತ್ತು. ಸತ್ತವಳಿಗೆ ದಿನವೂ ಕೆಲಸ ಕೊಡಬೇಕು, ಮಾತು ಕೊಡಬೇಕು. ನನಗೆ ಗೊತ್ತಿದ್ದ ಮುದುಕಿಯ ಮಾತು ಅಂದರೆ ನಮ್ಮ ಅತ್ತೆಯವು ಮಾತ್ರ. ಅವನ್ನೇ ಹಾಕಿದೆ. ಯುದ್ಧಕ್ಕೆ ಹೊರಟ ರಾಜಕುಮಾರನಿಗೆ ಮಾಳವ್ವ “ಉಂಡು ಹೋಗೋ ನಮ್ಮಪ್ಪ” ಅಂದಳು. ರೆಕ್ಕೆಯ ಹಾವು ಕೋಟೆಯ ಬಾಗಿಲಲ್ಲಿ ಬಂದು ಕೂತಾಗ “ಹೊಸ್ಲ ಮ್ಯಾಲೆ ಕೂರಬ್ಯಾಡ! ಒಳಗಾದ್ರೂ ಬಾ, ಹೊರಗಾದ್ರೂ ಹೋಗು!” ಎಂದು ಗದರಿದಳು. ಗಿರಿಜಾ ಬಿದ್ದು ಬಿದ್ದು ನಗುತ್ತಿದ್ದಳು. ಪ್ಲಾಸ್ಟರು ಬಿಚ್ಚಿದರು, ಪುಸ್ತಕ ಮುಗಿಯಿತು, ಮಷೀನು ಮತ್ತೆ ತಿರುಗಿತು. ನಾನು ಹೇಳಿದ ಸುಳ್ಳನ್ನು ಮೊದಲು ಮರೆತವನೂ ನಾನೇ.

ನೆನಪಾದದ್ದು ಟಾಕೀಸಿನಲ್ಲಿ, ವೈರಿಯೊಬ್ಬ ಪರದೆಯ ಮೇಲೆ ಬಿಲ್ಲಿಗೆ ಬಾಣ ಹೂಡಿದಾಗ. 

“ಗಿರಿಜಾ, ಚುರುಮುರಿ ತರೋಣ ಬಾ” ಎಂದು ಕೈ ಎಳೆದೆ.

“ಇಂಟರ್ವಲ್ ಆಗ್ಲಿ ಇರ್ರೀ” ಎಂದು ಕೈ ಕೊಡವಿ, ಅಕ್ಕನನ್ನು ತಿವಿದಳು. “ಅಕ್ಕಾ, ನೋಡ್ತಿರು, ಈಗ ಹಂಚು ಬರ್ತೈತೆ!”

ಹಂಚು ಬರಲಿಲ್ಲ. ಬಾಣ ಬಂತು. ಮಾಳವ್ವ ನಿಧಾನವಾಗಿ ಬಿದ್ದಳು. ಎಷ್ಟು ನಿಧಾನ ಅಂದರೆ, ಬೀಳುವುದರೊಳಗೆ ಅರ್ಧ ಹಾಡು ಮುಗಿಯಿತು. “ವತ್ಸ, ನಾನಿನ್ನು ಹೊರಡುವೆ” ಎಂದು ಕಣ್ಣು ಮುಚ್ಚಿದಳು. ಗಿರಿಜಾ ಸೀಟಿನಿಂದ ಎದ್ದು ನಿಂತಳು.

“ಸುಳ್ಳು! ಪುಸ್ತಕದಾಗೆ ಹಿಂಗಿಲ್ಲ!”

“ಕೂತ್ಕಳ್ರಮ್ಮೋ!” ಎಂದು ಹಿಂದಿನಿಂದ ಯಾರೋ ಕೂಗಿದರು. ಇಂಟರ್ವಲ್ ದೀಪ ಹತ್ತಿತು.

ಸಿನಿಮಾ ಬಿಟ್ಟಮೇಲೆ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು ವಿಮರ್ಶೆ ನಡೆಯಿತು. ರುದ್ರಣ್ಣನಿಗೆ ಹಾವು ಇಷ್ಟವಾಗಿತ್ತು. “ಹಾವು ಭಾರಿ ಮಾಡ್ಯಾರೆ ಮೇಷ್ಟ್ರೇ. ಆದ್ರೆ ಯುದ್ಧ ಸಾಲ್ದು. ಎಂಟು ಜನ ರಾಜ್ರನ್ನ ಇಟ್ಕೊಂಡು ಇಷ್ಟೇನಾ ಹೊಡೆದಾಡೋದು?” ಅಕ್ಕನಿಗೆ ಯುದ್ಧವೇ ಜಾಸ್ತಿಯಾಗಿತ್ತು. ಮುದುಕಿ ಸತ್ತಾಗ ಮಾತ್ರ ಚೆನ್ನಾಗಿ ಅಳು ಬಂತಂತೆ, ಟಿಕೆಟಿಗೆ ಮೋಸ ಇಲ್ಲವಂತೆ.

“ಆಕಿ ಸತ್ತೇ ಇಲ್ಲ ಅಕ್ಕಾ! ಸಿನಿಮಾದವ್ರು ಸಾಯಿಸ್ಯಾರೆ. ಬೇಕಾದ್ರೆ ಇವ್ರನ್ನೇ ಕೇಳು” ಎಂದಳು ಗಿರಿಜಾ.

ಮೂವರೂ ನನ್ನ ಕಡೆ ತಿರುಗಿದರು. ನನ್ನ ಬಾಯಲ್ಲಿ ಇಡೀ ಮೆಣಸಿನಕಾಯಿ ಇತ್ತು. “ಹ್ಞೂಂ… ಸಿನಿಮಾದವ್ರು… ಬದಲಾಯಿಸ್ತಾರೆ” ಎಂದೆ. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದು ಎಲ್ಲರೂ ನಂಬಿದರು.

ಅಲ್ಲಿಂದ ಚನ್ನಗಿರಿಯಲ್ಲಿ ನನ್ನ ನೆಮ್ಮದಿ ಹೋಯಿತು. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರೆಲ್ಲ ಸಿನಿಮಾ ನೋಡಿದವರೇ. ಒಬ್ಬರಿಗೆ ರಾಜಕುಮಾರನ ಕಣ್ಣು ಸಾಕು, ಕಥೆ ಬೇಡ. ಇನ್ನೊಬ್ಬರಿಗೆ ಕಥೆ ತಲೆ ಬುಡ ಅರ್ಥವಾಗಿಲ್ಲ, ಆದರೂ ಎರಡು ಸಲ ನೋಡಿದ್ದಾರೆ. ಗಿರಿಜಾ ಎಲ್ಲರಿಗೂ ಟೇಪು ಹಿಡಿದುಕೊಂಡೇ “ನಿಜವಾದ” ಕಥೆ ಹೇಳುತ್ತಿದ್ದಳು. ಒಳಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ನಾನು ಪ್ರತಿ ಸಲ “ಹಂಚು” ಎಂಬ ಪದ ಕೇಳಿದಾಗಲೂ ಯಾರಿಗೋ ಒಂದು ಅಂಕ ಜಾಸ್ತಿ ಹಾಕುತ್ತಿದ್ದೆ.

ಒಂದು ದಿನ ಗ್ರಂಥಾಲಯ ನೋಡಿಕೊಳ್ಳುವ ಮಂಜಣ್ಣ ಮನೆಗೇ ಬಂದರು. “ಅಮ್ಮೋರೇ, ಭಾನುವಾರ ನಮ್ಮ ಓದುಗರ ಬಳಗದಾಗೆ ‘ಪುಸ್ತಕವೋ ಸಿನಿಮಾವೋ’ ಅಂತ ಚರ್ಚೆ ಐತೆ. ಸಿನಿಮಾ ಪರ ಕಾಲೇಜಿನ ವಿಶಾಲಾಕ್ಷಿ ಮೇಡಂ ಮಾತಾಡ್ತಾರೆ. ಪುಸ್ತಕದ ಪರ ನೀವೇ ಬರ್ಬೇಕು. ಊರೆಲ್ಲ ನಿಮ್ದೇ ಮಾತು” ಅಂದರು.

ಗಿರಿಜಾ ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟವಳು. ಮೈಕು ಮುಟ್ಟಿದವಳಲ್ಲ. ಅವಳ ಮುಖ ಕೆಂಪಾಯಿತು. “ನಾನಾ?” ಎಂದಳು. ಅಂದೇ ತನಗೊಂದು ಹೊಸ ಬ್ಲೌಸಿಗೆ ಕತ್ತರಿ ಹಾಕಿದಳು. ಬೇರೆಯವರದ್ದನ್ನೇ ಹೊಲಿದುಕೊಂಡು ಬಂದವಳು ತನಗೆ ಅಂತ ಹೊಲಿದುಕೊಂಡು ವರ್ಷಗಳೇ ಆಗಿದ್ದವು. ಅವಳು ಆ ಬ್ಲೌಸು ತೊಟ್ಟು, ಊರ ಮುಂದೆ ನಿಂತು, ನನ್ನ ಸುಳ್ಳು ಹೇಳಿ ನಗೆಪಾಟಲಾಗಲಿದ್ದಳು.

ನಿಜ ಹೇಳಲು ಮೂರು ಸಲ ಹೊರಟೆ. ಮೂರು ಸಲವೂ “ಗಿರಿಜಾ, ಒಂದು ಮಾತು” ಅಂದೆ. ಮೂರು ಸಲವೂ ಅವಳು “ಮೊದ್ಲು ನನ್ನ ಭಾಷಣ ಕೇಳ್ರಿ” ಅಂದಳು. ಕೇಳಿದೆ. ಚೆನ್ನಾಗಿತ್ತು. ಸುಮ್ಮನಾದೆ.

ಕೊನೆಗೆ ಸಾಕ್ಷಿಯನ್ನೇ ನಾಶ ಮಾಡುವುದೆಂದು ತೀರ್ಮಾನಿಸಿ, ಗ್ರಂಥಾಲಯದಿಂದ ಎರಡನೆಯ ಸಂಪುಟವನ್ನು ನನ್ನ ಹೆಸರಿಗೆ ಬರೆಸಿ ತಂದು ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ. ಮಂಜಣ್ಣ ಸ್ವಲ್ಪವೂ ಗಾಬರಿಯಾಗಲಿಲ್ಲ. “ಪರವಾಗಿಲ್ಲ ಸಾರ್, ನ್ಯಾಮತಿ ಗ್ರಂಥಾಲಯದಾಗೆ ಇನ್ನೊಂದು ಐತೆ, ಚರ್ಚೆಗೆ ಅದನ್ನ ತರಿಸ್ತೀನಿ” ಅಂದರು!

ಮರುದಿನವೇ ರಜೆ ಹಾಕಿ, ಎರಡು ಬಸ್ಸು ಬದಲಾಯಿಸಿ ನ್ಯಾಮತಿಗೆ ಹೋದೆ. ಮಂಜಣ್ಣನಿಗಿಂತ ಮೊದಲು ಆ ಪ್ರತಿಯನ್ನೂ ಲಪಟಾಯಿಸುವುದು ನನ್ನ ಯೋಜನೆ. ಅಲ್ಲಿನ ಗ್ರಂಥಾಲಯದಾಕೆ ನನ್ನ ಊರು ಕೇಳಿದ್ದೇ ಸಂತೋಷಪಟ್ಟರು. “ಚನ್ನಗಿರಿಯೋರಾ? ಒಳ್ಳೇದಾತು. ಮಂಜಣ್ಣ ಇದನ್ನ ಹೆಂಗೆ ತರಿಸ್ಕೊಳ್ಳೋದು ಅಂತ ಕೇಳ್ತಿದ್ರು. ನೀವೇ ಒಯ್ದುಬಿಡ್ರಿ” ಎಂದು ಸಹಿ ಹಾಕಿಸಿಕೊಂಡು, ನನ್ನ ಎದುರಿಗೇ ಫೋನು ಮಾಡಿ “ನಿಮ್ಮ ಮೇಷ್ಟ್ರು ತರ್ತಾ ಇದಾರೆ” ಎಂದು ತಿಳಿಸಿದರು. ನನ್ನನ್ನು ಹಿಡಿದುಕೊಡುವ ಸಾಕ್ಷಿಯನ್ನು ನಾನೇ ತೊಡೆಯ ಮೇಲೆ ಇಟ್ಟುಕೊಂಡು ಊರಿಗೆ ತಂದೆ. ಬಸ್‌ಸ್ಟ್ಯಾಂಡಿನಲ್ಲಿ ಮಂಜಣ್ಣ ಕಾಯುತ್ತಾ ನಿಂತಿದ್ದರು.

ಭಾನುವಾರ ಬೆಳಿಗ್ಗೆ ಗ್ರಂಥಾಲಯದಲ್ಲಿ ನಲವತ್ತು ಜನ ಸೇರಿದ್ದರು. ಹೊನ್ನಾಳಿಯಿಂದ ರುದ್ರಣ್ಣ ಕೂಡ ಬಂದಿದ್ದ. ವಿಶಾಲಾಕ್ಷಿ ಮೇಡಂ ಮೊದಲು ಮಾತಾಡಿದರು. ಮಾಳವ್ವನ ಸಾವಿನ ದೃಶ್ಯ ಪುಸ್ತಕಕ್ಕಿಂತಲೂ ಪರದೆಯ ಮೇಲೆ ಮನಸ್ಸಿಗೆ ನಾಟುತ್ತದೆ ಎಂದರು. ಆಮೇಲೆ ಗಿರಿಜಾ ಎದ್ದಳು. ಹೊಸ ಬ್ಲೌಸಿನ ತೋಳು ಸರಿಮಾಡಿಕೊಂಡಳು.

“ಮೇಡಂ, ಮಾಳವ್ವ ಸಾಯಲ್ಲ. ಆಕಿ ‘ವತ್ಸ’ ಅಂತ ಅನ್ನೋಳೂ ಅಲ್ಲ. ‘ಉಂಡು ಹೋಗೋ ನಮ್ಮಪ್ಪ’ ಅಂತಾಳೆ. ಹಾವಿಗೂ ಹೆದರಲ್ಲ. ‘ಹೊಸ್ಲ ಮ್ಯಾಲೆ ಕೂರಬ್ಯಾಡ’ ಅಂತ ಗದರಿಸ್ತಾಳೆ. ಅದನ್ನ ಬಿಟ್ಟು ಸಿನಿಮಾ ಮಾಡಿದ್ರೆ ಏನು ಬಂತು?”

ಜನ ನಕ್ಕು ಚಪ್ಪಾಳೆ ತಟ್ಟಿದರು. ವಿಶಾಲಾಕ್ಷಿ ಮೇಡಂ ಮಾತ್ರ ಗಲಿಬಿಲಿಗೊಂಡು, ಮೆತ್ತಗೆ ಕೇಳಿದರು: “ಅದು ಯಾವ ಪುಟದಲ್ಲಿದೆ ಅಮ್ಮಾ?”

“ತಗೊಳ್ರಿ, ಪುಸ್ತಕನೇ ಐತೆ! ಮೇಷ್ಟ್ರು ನ್ಯಾಮತಿ ತನಕ ಹೋಗಿ ತಂದಾರೆ!” ಎಂದು ಮಂಜಣ್ಣ ಎರಡನೆಯ ಸಂಪುಟವನ್ನು ಗಿರಿಜಾಳ ಕೈಗಿತ್ತರು. ಮೇಡಂ ಪುಟ ತೆಗೆದುಕೊಟ್ಟರು. ಗಿರಿಜಾ ಓದಿದಳು. ತುಟಿ ಅಲ್ಲಾಡುತ್ತಿತ್ತು, ಆಮೇಲೆ ನಿಂತಿತು. ತಲೆ ಎತ್ತಿ ನನ್ನ ಕಡೆ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ದಾರಿ ತಪ್ಪಿದವಳ ಹಾಗೆ ನೋಡಿದಳು.

ನಾನು ಎದ್ದು ನಿಂತು, “ಅದು… ಪರಿಷ್ಕೃತ ಮುದ್ರಣ ಇರಬೇಕು” ಎಂದು ಶುರುಮಾಡಿದೆ. ನನಗೇ ಅಸಹ್ಯವಾಯಿತು. “ಇಲ್ಲ. ತಪ್ಪು ನಂದು. ಅವಳಿಗೆ ಓದಿ ಹೇಳಿದವನು ನಾನು. ಅವಳ ತಾಯಿ ಹೋಗಿ ಎರಡು ತಿಂಗಳಷ್ಟೇ ಆಗಿತ್ತು. ಸಾಯಿಸೋಕೆ ಮನಸ್ಸು ಬರಲಿಲ್ಲ. ಹಂಚು ನಂದು. ಮಾತೆಲ್ಲ ನಮ್ಮ ಅತ್ತೆಯವರದು” ಎಂದೆ.

ಹಿಂದಿನ ಸಾಲಿನಿಂದ ರುದ್ರಣ್ಣನ ದನಿ ಕೇಳಿತು. “ಹಂಗಾರೆ ಮೇಷ್ಟ್ರೇ, ಹಂಚು ಇಲ್ವೇ ಇಲ್ಲಾ?”

ಗಿರಿಜಾ ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿಕೊಂಡು ಹೊರಟಳು. ನಾನು ಹತ್ತು ಹೆಜ್ಜೆ ಹಿಂದೆ ನಡೆದೆ. ಮನೆಗೆ ಬಂದು ಮಂಚದ ಮೇಲೆ ಕೂತು, ಅದೇ ಪುಟ ತೆಗೆದು ನನ್ನ ಮುಂದೆ ಹಿಡಿದಳು.

“ಓದ್ರಿ. ಇದ್ದದ್ದು ಇದ್ದಂಗೆ ಓದ್ರಿ.”

ಓದಿದೆ. ಬಾಣ ಬಂತು, ಮಾಳವ್ವ ಬಿದ್ದಳು, ಸತ್ತಳು. ಒಂದಕ್ಷರವೂ ಬಿಡಲಿಲ್ಲ. ಗಿರಿಜಾ “ಅವ್ವಾ” ಎಂದು ಅಳತೊಡಗಿದಳು. ಜಗಳೂರಿನಲ್ಲಿ ಅಳದೆ ಉಳಿಸಿಕೊಂಡದ್ದನ್ನೆಲ್ಲ ಆ ಮಧ್ಯಾಹ್ನ ಅತ್ತಳು. ನಾನು ಅವಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು ಕೂತೆ. ನನಗೂ ಅಳು ಬಂತು. ಅವಳಿಗೆ ನೋವಾಗದಿರಲಿ ಎಂದು ನಾನು ಮಾಡಿದ ದೊಡ್ಡ ಉಪಕಾರವೆಂದರೆ, ಅವಳ ಅಳುವಿಗೆ ಒಂದು ವರ್ಷ ಅಡ್ಡ ನಿಂತದ್ದು!

ಬಹಳ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ಕೇಳಿದಳು, “ಅವ್ವ ಹಂಗೇ ಗದರಿಸ್ತಿದ್ಲು, ಅಲ್ವೇನ್ರೀ?”

“ಹ್ಞೂಂ. ನನ್ನನ್ನೇ ಎಷ್ಟು ಸಲ ಗದರಿಸ್ಯಾರೆ.”

“ಎಲ್ಲಾ ನೆನಪಿಟ್ಕೊಂಡೀರಿ” ಎಂದಳು. ಒಂದು ಕ್ಷಣ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಕೈ ಬಿಟ್ಟಳು. “ಆದ್ರೂ ನಲವತ್ತು ಜನ್ರ ಮುಂದೆ ನನ್ನ ಮಾನ ಕಳೆದ್ರಲ್ರೀ! ಇನ್ಮೇಲೆ ನಿಮ್ಮ ಬಾಯಿ ನಂಬಲ್ಲ. ನಾನೇ ಓದ್ತೀನಿ, ನೀವು ಕೂತು ಕೇಳ್ರಿ.”

ಶಿಕ್ಷೆ ಈಗಲೂ ಜಾರಿಯಲ್ಲಿದೆ. ಸಂಜೆ ಮಷೀನು ಮುಚ್ಚಿದ ಮೇಲೆ ಅವಳು ಕನ್ನಡಕ ಹಾಕಿಕೊಂಡು ಓದುತ್ತಾಳೆ, ನಾನು ಹುರುಳಿಕಾಯಿ ನಾರು ತೆಗೆಯುತ್ತಾ ಕೇಳುತ್ತೇನೆ. ಈ ವಾರ ಮೂರನೆಯ ಸಂಪುಟ ಶುರುವಾಗಿದೆ. ಅದರಲ್ಲೊಬ್ಬ ಮಂತ್ರಿ ಬರುತ್ತಾನೆ. ಗುಂಡು ಹೊಟ್ಟೆ, ಬೋಳು ತಲೆ, ಎಲ್ಲದಕ್ಕೂ ಉಪಾಯ ಹೂಡಿ ತಾನೇ ಸಿಕ್ಕಿಬೀಳುವವನು. ಹಿಂದೆ ನಾನು ಓದುವಾಗ ಅವನನ್ನು ಪೂರ್ತಿ ಹಾರಿಸಿದ್ದೆ. ಯಾಕೋ ಹೋಲಿಕೆ ಕಂಡಿತ್ತು. ಹೇಸರಗತ್ತೆಯೊಂದು ತಲೆಗೆ ಒದ್ದು, ಪಾಪ, ಅವನು ಸ್ಥಳದಲ್ಲೇ ಸಾಯುತ್ತಾನೆ.

ನಿನ್ನೆ ಗಿರಿಜಾ ಆ ಪುಟಕ್ಕೆ ಬಂದಳು. ಓದುತ್ತಾ ಓದುತ್ತಾ ನಿಂತಳು. ಕನ್ನಡಕದ ಮೇಲಿಂದ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಎಲ್ಲೂ ತಡವರಿಸದೆ ಓದಿದಳು:

“ಹೇಸರಗತ್ತೆ ಮಂತ್ರಿಯ ತಲೆಗೇ ಒದೆಯಿತು. ಒಳಗೆ ಏನೂ ಇಲ್ಲದ್ದರಿಂದ ಅವನಿಗೆ ಏನೂ ಆಗಲಿಲ್ಲ.”