ಒಂಟಿಗಣ್ಣ ದೇವರ ಯಾವ ಕಣ್ಣು?

ಆಟದೊಳಗಿನ ದೇವರಿಗೆ ಇರುವುದು ಒಂದೇ ಕಣ್ಣು ಎಂಬ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಅದು ಎಡಗಣ್ಣೋ ಬಲಗಣ್ಣೋ ಎಂಬುದಷ್ಟೇ ತಕರಾರು.

ಈ ದೇವರನ್ನು ಹುಟ್ಟಿಸಿದವನು ಕನ್ನಡಕದ ಅಂಗಡಿಯವನು. ಭಾನುವಾರ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಕಥೆ ಹೇಳುತ್ತಾನೆ. ಅವನ ಅಕ್ಕ, ಭಾವ, ಪಕ್ಕದಂಗಡಿಯ ಹಲ್ಲಿನ ಡಾಕ್ಟರು ಆ ಕಥೆಯ ವೀರರಾಗಿ, ಈ ದೇವರ ಭಕ್ತರಾಗಿ, ದಾಳ ಉರುಳಿಸಿ ಆಡುತ್ತಾರೆ. ಕಥೆಯ ಗುಹೆಯಲ್ಲೊಂದು ಡ್ರ್ಯಾಗನ್ ಇತ್ತು. ಹಳೆಯ ಫ್ರೇಮುಗಳ ತಂತಿ ಬಾಗಿಸಿ, ಒಡೆದ ಲೆನ್ಸಿನ ಚೂರು ಅಂಟಿಸಿ, ಬೇಸಿಗೆಯಿಡೀ ಕೂತು ಮಾಡಿದ ಡ್ರ್ಯಾಗನ್. ಅದನ್ನೊಮ್ಮೆ ಮೇಜಿನ ಮೇಲಿಟ್ಟು ಎಲ್ಲರ ಮುಖ ನೋಡಬೇಕು, ಅಷ್ಟೇ ಪಾಪ ಅವನ ಆಸೆ.

ಭಕ್ತರು ಗುಹೆಯೊಳಗೆ ಹೋಗುವಾಗ ದೇವರ ಹಾಗೆ ಒಂದೇ ಕಣ್ಣು ತೆರೆದಿರಬೇಕು ಅಂತ ಬಾಯ್ತಪ್ಪಿ ಅಂದುಬಿಟ್ಟ. ಅಕ್ಕ ಬಲಗಣ್ಣು ಮಾತ್ರ ತೆರೆದಿಟ್ಟಳು. ಡಾಕ್ಟರು ಎಡಗಣ್ಣು ಮಾತ್ರ ತೆರೆದಿಟ್ಟರು. ತೆರೆದ ಕಣ್ಣಲ್ಲೇ ಇಬ್ಬರೂ ದುರುಗುಟ್ಟಿಕೊಂಡರು.

"ಎಡಗಣ್ಣು ಅನ್ನೋದು ಅಧರ್ಮ, ಡಾಕ್ಟ್ರೇ."

"ನಂಬಿಕೆ ವಿಷ್ಯಕ್ಕೆ ಬರಬೇಡಿ ಅಕ್ಕಾವ್ರೇ, ನನ್ನ ಮನಸ್ಸಿಗೆ ನೋವಾಗುತ್ತೆ."

ಭಾವ ನಿವೃತ್ತ ಅಧಿಕಾರಿ. ಇಂಥ ದಿನಕ್ಕೇ ಕಾದಿದ್ದವರು. ಅಲ್ಲೇ ಮೂವರು ಆಟಗಾರರ ಸಮಿತಿ ರಚಿಸಿ, ತಾವೇ ಅಧ್ಯಕ್ಷರಾಗಿ, ಎದ್ದು ನಿಂತು ಪ್ರಕಟಿಸಿದರು: "ಈ ಮೂಲಕ ಸಮಸ್ತ ಆಟಗಾರರಿಗೆ ತಿಳಿಯಪಡಿಸುವುದೇನೆಂದರೆ, ಭಾವನೆಗೆ ಧಕ್ಕೆಯಾದವರು ದಾಳ ಹಾಕಿ ಧಕ್ಕೆಯ ಪ್ರಮಾಣವನ್ನು ಸಾಬೀತುಪಡಿಸತಕ್ಕದ್ದು. ಮೂರಕ್ಕಿಂತ ಕಡಿಮೆ ಬಿದ್ದಲ್ಲಿ ಸದರಿ ನೋವನ್ನು ನೋವೆಂದು ಪರಿಗಣಿಸಲಾಗುವುದಿಲ್ಲ."

ಡಾಕ್ಟರಿಗೆ ಐದು ಬಿತ್ತು. ಅಕ್ಕನಿಗೂ ಐದು. ನೋವು ಸಮಸಮ ಆದದ್ದರಿಂದ ಗುಹಾಪ್ರವೇಶವನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಯಿತು. ಮುಂದಿನ ಆದೇಶ ಬರಲೇ ಇಲ್ಲ. ಎಷ್ಟೋ ಭಾನುವಾರ ಬರೀ ದಾಳ ಉರುಳಿತು, ಡ್ರ್ಯಾಗನ್ ಮೇಲೆ ಧೂಳು ಕೂತಿತು.

ಕನ್ನಡಕದವನಿಗೆ ಹೊಟ್ಟೆ ಉರಿದುಹೋಯಿತು. ಒಂದು ದಿನ ದನಿ ದಪ್ಪ ಮಾಡಿಕೊಂಡು ದೇವರಾಗಿಯೇ ಮಾತಾಡಿದ: "ಮಕ್ಕಳೇ! ನನ್ನ ಕಣ್ಣು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ಹಣೆ ಮಧ್ಯೆ ಇದೆ. ಒಳಗೆ ಹೋಗಿ ಸಾಯಿರಿ!"

"ಎಷ್ಟು ಕೊಬ್ಬು ನೋಡಿ ಈ ದೇವರಿಗೆ!" ಎಂದರು ಡಾಕ್ಟರು.

"ನಮ್ಮ ಧರ್ಮದ ಬಗ್ಗೆ ಮಾತಾಡೋಕೆ ಇವನ್ಯಾರು?" ಎಂದಳು ಅಕ್ಕ. ಇಬ್ಬರೂ ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಭಾವ ಸಮಾಧಾನವಾಗಿ ತಿಳಿಸಿ ಹೇಳಿದರು. "ನೋಡಪ್ಪಾ, ಈ ಪ್ರಕರಣದಲ್ಲಿ ದೇವರಿಗೆ ಸ್ವಂತ ಹಿತಾಸಕ್ತಿ ಇದೆ. ಅವರ ಹೇಳಿಕೆ ಪರಿಗಣಿಸೋಕೆ ಬರಲ್ಲ."

"ಭಾವಾ, ಆ ದೇವರನ್ನ ಮಾಡಿದ್ದೇ ನಾನು!"

"ಹಾಗಂತ ಎಲ್ಲರೂ ಹೇಳ್ತಾರೆ."

ಅವನು ಕೈ ಮುಗಿದ. "ಹೋಗಲಿ, ಡ್ರ್ಯಾಗನ್ ಆದ್ರೂ ಹೊರಗೆ ಬರಲಿ ಭಾವಾ. ಯಾರನ್ನಾದ್ರೂ ಒಬ್ಬರನ್ನ ತಿನ್ನಲಿ, ಸಾಕು."

ಅಕ್ಕ ತಮ್ಮನ ಮುಖ ನೋಡಿದಳು. "ಪಾಪ, ಏನಾದ್ರೂ ಮಾಡ್ರೀ," ಎಂದು ಗಂಡನನ್ನು ತಿವಿದಳು.

ಸಮಿತಿ ಮೂಲೆಗೆ ಹೋಗಿ ಗುಸುಗುಸು ನಡೆಸಿತು. ಅಕ್ಕನನ್ನು ತಿಂದರೆ ಬಲಗಣ್ಣಿನವರಿಗೆ ಅನ್ಯಾಯ, ಡಾಕ್ಟರನ್ನು ತಿಂದರೆ ಎಡಗಣ್ಣಿನವರಿಗೆ ಅನ್ಯಾಯ, ಅಧ್ಯಕ್ಷರನ್ನು ತಿನ್ನಲು ನಿಯಮದಲ್ಲಿ ಅವಕಾಶವಿಲ್ಲ. ಕೊನೆಗೆ ಸರ್ವಾನುಮತದ ತೀರ್ಮಾನ ಹೊರಬಿತ್ತು: "ಯಾವ ಪಂಗಡದ ಭಾವನೆಗೂ ಧಕ್ಕೆಯಾಗದಂತೆ, ಸದರಿ ಡ್ರ್ಯಾಗನ್ ದೇವರನ್ನು ತಿನ್ನತಕ್ಕದ್ದು."

ಕನ್ನಡಕದವನು ಎದ್ದುಬಿದ್ದು ಓಡಿ ಡ್ರ್ಯಾಗನ್ ತಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನಂತೂ ಹಿಗ್ಗಿ ಹೀರೇಕಾಯಿಯಾಗಿ, ತನ್ನ ಕೈಯಾರೆ ದೇವರನ್ನು ತಿನ್ನಿಸಿದ. ದೇವರು ಹೋದ ಮೇಲೆ ಎರಡೂ ಪಂಗಡದ ಭಕ್ತಿ ಯಾವ ಅಡಚಣೆಯೂ ಇಲ್ಲದೆ ನಡೆದುಕೊಂಡು ಬರುತ್ತಿದೆ.