ತೂತಿಲ್ಲದ ಸಿಂಕು

ನೀರು ಹೋಗಲು ಒಂದು ತೂತು ಬೇಕು ಎಂದು ಹೇಳಲು ಸುಚಿತಾಗೆ ನಾಲ್ಕು ದಿನ ಬಾಯಿ ಬರಲಿಲ್ಲ. ಐದನೆಯ ದಿನ ಬೆಳಿಗ್ಗೆ ಬಂತು. ಅಷ್ಟರಲ್ಲಿ ದಡದಲ್ಲಿ ದೋಣಿ ಕಟ್ಟುವ ನಾಗಣ್ಣ ಸಿಂಕು ಮಾಡಿ ಮುಗಿಸಿದ್ದ.

"ತೂತಾ? ಎಂತಕ್ಕೆ?"

"ನೀರು ಹೋಗೂಕೆ, ನಾಗಣ್ಣ."

"ಮೂವತ್ತು ವರ್ಷದಿಂದ ದೋಣಿ ತೂತು ಮುಚ್ಚಿ ಅನ್ನ ಉಂಡ ಕೈ ಇದು ತಂಗಿ. ಇದೇ ಕೈಯಲ್ಲಿ ತೂತು ಕೊರೂದಾ? ಬೇಕಾದ್ರೆ ಚೊಂಬಲ್ಲಿ ತೋಡಿ ಹೊರಗೆ ಚೆಲ್ಲು. ನಾವು ಸಮುದ್ರದಲ್ಲಿ ಮಾಡೂದಿಲ್ವಾ?"

ಎದುರಿನ ಜಗಲಿಯಿಂದ ರೇಖಕ್ಕ ಕೂಗಿದಳು. "ಹೌದೇ ಹೌದು! ಹೊಸದಕ್ಕೆ ಯಾರಾದ್ರೂ ತೂತು ಮಾಡ್ತಾರಾ?"

ರೇಖಕ್ಕನಿಗೆ ಸಿಂಕು ಯಾಕೆಂದು ಗೊತ್ತಿರಲಿಲ್ಲ. ಅಭಿಪ್ರಾಯ ಹೇಳಲು ಅದು ಬೇಕಾಗಿಯೂ ಇರಲಿಲ್ಲ.

ಸುಚಿತಾ ತಲೆ ತಗ್ಗಿಸಿ ಮನೆಗೆ ಬಂದಳು. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟ ಮೇಲೆ ಅವಳು ಹೊನ್ನಾವರದಲ್ಲಿ ಅಣ್ಣಪ್ಪ ಮಾಮನ ಸ್ಟುಡಿಯೋ ಸೇರಿದ್ದಳು. ಊರೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆಯುವಾಗಲೂ ಆ ಮುದುಕ ಕಪ್ಪು ಬಿಳುಪು ಬಿಟ್ಟಿರಲಿಲ್ಲ. ಅಲ್ಲಿ ಅವಳಿಗೆ ಹಿಡಿಸಿದ್ದು ಕತ್ತಲೆ ಕೋಣೆ. ಅಲ್ಲಿ ಯಾರೂ ಮುಖ ನೋಡಿ ಮಾತಾಡಿಸುತ್ತಿರಲಿಲ್ಲ. ಕೆಂಪು ದೀಪದ ಕೆಳಗೆ ಬಿಳಿ ಹಾಳೆಯ ಮೇಲೆ ಮೆಲ್ಲಗೆ ಮೂಡುವ ಮುಖಗಳೂ ಅವಳಷ್ಟೇ ನಾಚಿಕೆಯವು. ಸ್ಟುಡಿಯೋ ಮುಚ್ಚುವಾಗ ಮಾಮ ನೆಗೆಟಿವ್‌ನಿಂದ ಫೋಟೋ ದೊಡ್ಡದು ಮಾಡುವ ತನ್ನ ಯಂತ್ರ, ಮದ್ದು ಹೊಯ್ಯುವ ಮೂರು ತಟ್ಟೆ, ಬೆಳಕು ತಾಗಿದರೆ ಕೆಡುವ ಫೋಟೋ ಕಾಗದದ ಕೊನೆಯ ಪೊಟ್ಟಣ, ಎಲ್ಲ ಅವಳಿಗೇ ಕೊಟ್ಟ. ಪೊಟ್ಟಣದಲ್ಲಿ ಹನ್ನೆರಡೇ ಹಾಳೆ.

ನಾಳೆ ಅಪ್ಪನ ತಿಥಿ. ಅಪ್ಪನದು ಎಂದು ಮನೆಯಲ್ಲಿ ಉಳಿದದ್ದು ಒಂದು ನೆಗೆಟಿವ್ ಮಾತ್ರ. ಹೋದ ವರ್ಷ ಅದನ್ನು ಕುಮಟೆಯ ಒಂದು ಅಂಗಡಿಗೆ ಕೊಟ್ಟಾಗ, ಅವರು ಕಂಪ್ಯೂಟರಿನಲ್ಲಿ ಅಪ್ಪನ ಬಣ್ಣ ಬೆಳ್ಳಗೆ ಮಾಡಿ, ಕೋಟು ತೊಡಿಸಿ, ಟೈ ಕಟ್ಟಿ ಕಳಿಸಿದ್ದರು. ಹೆತ್ತ ಆಯಿ ಮಾಸ್ತಮ್ಮ ಬಹಳ ಹೊತ್ತು ನೋಡಿ, "ಇಂವ ಯಾರು?" ಎಂದಿದ್ದಳು. ಆಮೇಲೆ ಆ ಫೋಟೋ ಅಕ್ಕಿ ಡಬ್ಬದ ಹಿಂದೆ ಹೋಯಿತು.

ಈ ಸಲ ಬಲೆ ಹೆಗಲಿಗೆ ಹಾಕಿಕೊಂಡ ಅಪ್ಪನನ್ನೇ ಗೋಡೆಗೆ ತರಬೇಕು ಎಂದು ಸುಚಿತಾ ಹಟ ಹಿಡಿದಿದ್ದಳು. ಮೂರು ತಟ್ಟೆ ಸಾಲಾಗಿ ಇಟ್ಟು, ಹಾಳೆಯನ್ನು ಹರಿಯುವ ನೀರಿನಲ್ಲಿ ತೊಳೆಯಬೇಕು. ಅಷ್ಟುದ್ದದ ಸಿಂಕು ಪೇಟೆಯಲ್ಲಿಲ್ಲ. ತಮ್ಮೂರು ಮಾವಿನಕುರ್ವೆಯಲ್ಲಿ ನೀರು ನಿಲ್ಲುವ ಉದ್ದನೆಯ ವಸ್ತು ಮಾಡಲು ಬಲ್ಲವನು ನಾಗಣ್ಣ ಒಬ್ಬನೇ. ಅವನು ಏಡಿ ಹಿಡಿಯುವ ದೇವರಾಜಣ್ಣನ ಹೊಸ ಫೈಬರ್ ಪಾತಿದೋಣಿಯ ಅಚ್ಚಿನಲ್ಲೇ ಸಿಂಕನ್ನೂ ಎರೆದಿದ್ದ. ದೋಣಿಗೆ ಮೂತಿಯಿತ್ತು. ಸಿಂಕು ಮೊಂಡಾಗಿ ಎರಡಡಿ ಗಿಡ್ಡವಾಗಿತ್ತು. ಮತ್ತೆಲ್ಲ ಅಣ್ಣತಮ್ಮಂದಿರಂತೆ.

ಮಧ್ಯಾಹ್ನ ನಾಗಣ್ಣ ಊಟಕ್ಕೆ ಹೋದದ್ದನ್ನು ಸುಚಿತಾ ಕಿಟಕಿಯಿಂದ ಕಂಡಳು. "ಕೋಣೆ ಖಾಲಿ ಮಾಡಿಡು ಆಯಿ" ಎಂದಷ್ಟೇ ಹೇಳಿ, ಸಿಂಕಿನ ತೂತಿಗೆ ಕೂರಿಸಲು ಹೊನ್ನಾವರದಿಂದ ತಂದಿದ್ದ ಸ್ಟೀಲ್ ಜಾಲರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ದಡಕ್ಕೆ ನಡೆದಳು.

ದೋಣಿ, ಸಿಂಕು ಎರಡರ ಮೇಲೂ ಸೇರಿಸಿ ಒಂದೇ ಟಾರ್ಪಾಲು ಹೊದೆಸಿತ್ತು. ಎತ್ತಿದರೆ ರೇಖಕ್ಕ ಕಾಣುತ್ತಾಳೆ. ಸುಚಿತಾ ಎತ್ತಲಿಲ್ಲ, ಒಳಗೆ ನುಸುಳಿದಳು. ಕತ್ತಲೆಗೆ ಅವಳು ಹೆದರುವವಳೇ? ಆರು ವರ್ಷ ಕತ್ತಲೆಯಲ್ಲಿ ಕೆಲಸ ಮಾಡಿದ ಬೆರಳು. ತಡವಿದಳು, ಗೇಣು ಹಾಕಿದಳು, ನಾಗಣ್ಣನದೇ ಬೈರಿಗೆಯಿಂದ ಸುತ್ತ ಕೊರೆದು ನಡುವಿನ ಬಿಲ್ಲೆ ಬೀಳಿಸಿದಳು. ಜಾಲರಿ ಬಳೆಯಂತೆ ಕೂತಿತು.

ಮೂರು ಗಂಟೆಗೆ ದಡದಲ್ಲಿ ಹೊಸ ದೋಣಿಗೆ ಕಾಯಿ ಒಡೆದ ಸದ್ದು. ಮನೆಯಲ್ಲಿ ಕಿಟಕಿಗೆ ಕಪ್ಪು ಬಟ್ಟೆ ಹೊಲಿಯುತ್ತಿದ್ದ ಸುಚಿತಾಗೆ ಸ್ವಲ್ಪ ಹೊತ್ತಿನಲ್ಲೇ ಕೂಗು ಕೇಳಿಸಿತು. ಓಡಿದಳು.

ದೇವರಾಜಣ್ಣ ಹೊಸ ದೋಣಿಯಲ್ಲಿ ಸೊಂಟದವರೆಗೆ ನೀರಿನಲ್ಲಿ ಕೂತು, ಹೂವಿನ ಹಾರದ ಜೊತೆ ತೇಲುತ್ತ ದಡಕ್ಕೆ ಬರುತ್ತಿದ್ದ. ಹೇರಿಕೊಂಡಿದ್ದ ಏಡಿ ಬಲೆಯ ರಾಶಿ ಎತ್ತಿ ಎಸೆದ. ತಳದಲ್ಲಿ ಜಾಲರಿ ಹೊಳೆಯಿತು.

"ನಾಗಾ! ಇದೆಂತ ಮಾರಾಯಾ? ದೋಣಿಯಲ್ಲಿ ನಾ ಪಾತ್ರೆ ತೊಳೀಬೇಕಾ?"

ಜನ ನಕ್ಕರು. ನಾಗಣ್ಣ ನಗಲಿಲ್ಲ. ತನ್ನ ಕೈಯನ್ನೇ ನೋಡಿಕೊಂಡು ನಿಂತ.

"ವಯಸ್ಸಾತು ಅವಂಗೆ" ಎಂದಳು ರೇಖಕ್ಕ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಸುಮ್ಮನಿರುವುದು ಸುಚಿತಾಗೆ ಹುಟ್ಟಿನಿಂದ ಬಂದ ವಿದ್ಯೆ. ಆದರೆ ಆ ಕೈ ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ನಾನು" ಎಂದಳು. ಯಾರಿಗೂ ಕೇಳಲಿಲ್ಲ. "ನಾನೇ ಕೊರೆದದ್ದು. ಸಿಂಕು ಅಂದ್ಕಂಡೆ."

ದೇವರಾಜಣ್ಣ ಲುಂಗಿ ಹಿಂಡುತ್ತ ಅವಳನ್ನು ನೋಡಿದ. "ನಿಂಗೆ ಮಾತು ಬರ್ತದಾ ತಂಗಿ? ಆತು ಬಿಡು. ಮೊದಲ ದಿನವೇ ತೇಪೆ ಹಾಕಿದ್ದು ನಂಗೆ ಬೇಡ. ನಿನ್ನ ಸಿಂಕು ಕೊಡು. ಮೂತಿ ಇಲ್ಲದಿದ್ರೆ ಎಂತ, ನಾ ಏಡಿ ಹಿಡಿಯೂಕೆ ಹೋಗೂದು, ಮದುವೆಗಲ್ಲ."

ಸಿಂಕು ನೀರಿಗಿಳಿಯಿತು, ಬಾತುಕೋಳಿಯಂತೆ ತೇಲಿತು. ನಾಗಣ್ಣನ ಎದೆ ಉಬ್ಬಿತು. ಅದೇ ಉಬ್ಬಿನಲ್ಲಿ ತೂತುಬಿದ್ದ ದೋಣಿಯ ಮೂತಿ ಕೊಯ್ದು, ಹಲಗೆ ಬಡಿದು, ಸಂದಿಗೆ ಅಂಟು ಮೆತ್ತಿ, ನಾಲ್ಕು ಜನರಿಂದ ಹೊರಿಸಿ ಸುಚಿತಾಳ ಕೋಣೆಯಲ್ಲಿ ಕೂರಿಸಿಯೇಬಿಟ್ಟ. "ನಾ ತೂತು ಮಾಡ್ಲಿಲ್ಲ. ಅಷ್ಟು ನೆನಪಿಟ್ಕೊ" ಎಂದು ಹೋದ.

ಸುಚಿತಾ ಒಂದು ಕೊಡ ನೀರು ಹೊಯ್ದಳು. ನೀರು ಸುಳಿ ಸುತ್ತಿ ಜಾಲರಿಯಲ್ಲಿ ಇಳಿದುಹೋಯಿತು. ಅವಳು ಒಬ್ಬಳೇ ನಿಂತು ನಕ್ಕಳು.

"ಆಯಿ, ಇಲ್ಲಿ ಕಪ್ಪು ಪೊಟ್ಟಣ ಇತ್ತಲ್ಲ?"

"ಹಿತ್ಲಲ್ಲಿ ಅದೆ ಮಗಾ. ಕೋಣೆ ಖಾಲಿ ಮಾಡುವಾಗ ಮುಟ್ಟಿದ್ರೆ ಥಂಡಿ ಹಿಡಿದಿತ್ತು. ಪೂರಾ ಒಣಗ್ಲಿ ಅಂತ ಹಾಕಿದೆ."

ಬಂಗಡೆ ಒಣಗಿಸುವ ಚಾಪೆಯ ಮೇಲೆ ಹನ್ನೆರಡು ಹಾಳೆಗಳೂ ಸಾಲಾಗಿ ಸಂಜೆಯ ಬಿಸಿಲು ಕಾಯುತ್ತಿದ್ದವು. ಗಾಳಿಗೆ ಹಾರದಂತೆ ಒಂದೊಂದರ ಮೇಲೆ ಒಂದೊಂದು ಬಳಚಿನ ಚಿಪ್ಪು. ಬೆಳ್ಳಗಿದ್ದ ಹಾಳೆಗಳು ಅಷ್ಟು ಹೊತ್ತಿಗೆ ಹಣ್ಣಾದ ನೇರಳೆಯ ಬಣ್ಣಕ್ಕೆ ತಿರುಗಿದ್ದವು.

ಸುಚಿತಾ ಕುಕ್ಕರುಗಾಲಲ್ಲಿ ಕೂತು ಒಂದು ಚಿಪ್ಪು ಎತ್ತಿದಳು. ಅದರ ಕೆಳಗೆ ಚಿಪ್ಪಿನದೇ ಆಕಾರ, ಅಂಚು ಸಹಿತ, ಬೆಳ್ಳಗೆ ಮೂಡಿತ್ತು.

ಆಯಿ ಬಗ್ಗಿ ನೋಡಿದಳು. ಕಣ್ಣರಳಿತು. "ಅಯ್ಯ, ಎಷ್ಟು ಚಂದ ಬಂತೇ ಫೋಟೋ! ಕೋಟೂ ಇಲ್ಲ, ಎಂತದೂ ಇಲ್ಲ. ಅಪ್ಪಂದೂ ಹೀಂಗೇ ತೆಗಿ ಮಗಾ."

ಹನ್ನೆರಡು ಹಾಳೆಯೂ ಕೆಟ್ಟವು ಎಂದು ಹೇಳಲು ಸುಚಿತಾಗೆ ಮತ್ತೆ ಬಾಯಿ ಬರಲಿಲ್ಲ. ಒಳಗೆ ಹೋಗಿ, ಅಕ್ಕಿ ಡಬ್ಬದ ಹಿಂದಿನಿಂದ ಕೋಟು ತೊಟ್ಟವನನ್ನು ಹೊರತೆಗೆದು, ಸೆರಗಿನಿಂದ ಮೆಲ್ಲಗೆ ಧೂಳು ಒರೆಸತೊಡಗಿದಳು.