ಹೂಗಳ್ಳನಿಗೊಂದು ಬಂದೂಕು

ಶಾಂತವ್ವನ ಅಳಿಯ ಸೌರಭ್‌ನ ಮನೆಯಲ್ಲಿ ಎಲ್ಲವೂ ಇತ್ತು, ಒಬ್ಬ ಕಳ್ಳನನ್ನು ಬಿಟ್ಟು.

ಅಮೆರಿಕದ ಏಪೆಕ್ಸ್ ಎಂಬ ಊರಿನ ಆ ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ತೊಗರಿಬೇಳೆಯ ಚೀಲಗಳು, ನೀರಿನ ಬಾಟಲಿಗಳು, ಜನರೇಟರು, ಮೇಲ್ಛಾವಣಿ ಮುಟ್ಟುವಂತೆ ಪೇರಿಸಿದ ಟಾಯ್ಲೆಟ್ ಪೇಪರು. ಕೊರೊನಾ ಕಾಲದಲ್ಲಿ ಅಂಗಡಿಗಳಲ್ಲಿ ಆ ಪೇಪರು ಸಿಗಲಿಲ್ಲವಂತೆ. ಅಂದು ಹೆದರಿದ ಹುಡುಗ ಇನ್ನೂ ಸುಧಾರಿಸಿಕೊಂಡಿಲ್ಲ. (ನಲ್ಲಿಯಲ್ಲಿ ನೀರು ಬರುತ್ತಿರುವಾಗ ಮನುಷ್ಯ ಕಾಗದಕ್ಕೆ ಯಾಕೆ ಹೆದರಬೇಕೆಂದು ಶಾಂತವ್ವನಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ಅಳಿಯನ ಹತ್ತಿರ ಕೇಳುವ ಮಾತಲ್ಲ ಅದು.)

ಬಿರುಗಾಳಿಗೆ ತಯಾರಿ, ಕರೆಂಟು ಹೋದರೆ ತಯಾರಿ, ಪ್ರಳಯವೇ ಆದರೂ ಆ ಮನೆಯಲ್ಲಿ ಸಾರು ಕುದಿಯುವುದು ನಿಲ್ಲುತ್ತಿರಲಿಲ್ಲ. ಸೌರಭ್ ನೆಮ್ಮದಿಯಾಗಿದ್ದ. ಆ ನೆಮ್ಮದಿಗೆ ಕಲ್ಲು ಹಾಕಿದವನು ಷಾರ್ಲೆಟ್ ಊರಿನಲ್ಲಿದ್ದ ಅವನ ಗೆಳೆಯ ಶಶಿಕಾಂತ್. ಒಂದು ಭಾನುವಾರ ಫೋನಿನಲ್ಲಿ ಅವನ ದನಿ ಊಟದ ಮೇಜಿನ ಮೇಲೆಲ್ಲ ಹರಡಿತು.

"ದೋಸ್ತ, ಮನಿತುಂಬ ಬ್ಯಾಳಿ ಇಟ್ಕೊಂಡು ಗನ್ ಇಲ್ಲ ಅಂದ್ರ, ನೀ ಕಳ್ಳರ ಸಲುವಾಗಿ ಸ್ಟಾಕ್ ಮಾಡಿದಂಗ ಆತು."

ಸೌರಭ್ ಬಾಯಿಗಿಟ್ಟ ರೊಟ್ಟಿಯ ತುಣುಕನ್ನು ಅಗಿಯುವುದು ನಿಲ್ಲಿಸಿದ.

"ಈ ಓಣ್ಯಾಗ ಯಾವ ಕಳ್ಳ ಬರ್ತಾನ?" ಎಂದಳು ಮಗಳು ನಮ್ರತಾ. "ಪಿಜ್ಜಾ ತರೋನೇ ದಾರಿ ತಪ್ತಾನ."

ಆದರೆ ಕಳ್ಳ ಬಂದ. ಅದೇ ವಾರ.

ಎರಡು ಮನೆ ಆಚೆ ವಾಲ್ಟರ್ ಎಂಬ ಮುದುಕನ ಮನೆ. ಅಂಗಳದ ತುಂಬ ಹೂವು ಬೆಳೆಸಿದ್ದ. ಬಾಗಿಲಿನ ಮೇಲೆ ಕ್ಯಾಮರಾ. ಅದು ಹಿಡಿದ ಚಿತ್ರವನ್ನು ಅವನು ಓಣಿಯವರ ಫೋನ್ ಗುಂಪಿಗೆ ಹಾಕಿದ. ಬೆಳಕು ಹರಿಯುವ ಮೊದಲಿನ ಮಬ್ಬು. ಗಿಡಗಳ ನಡುವೆ ಬಗ್ಗಿ ನಡೆಯುವ ಒಂದು ಆಕಾರ. ಮೈಮೇಲೆ ಖಾಕಿ ಕೋಟು. ಮುಖ ಮುಚ್ಚುವ ಟೊಪ್ಪಿಗೆ. ಕೈಯಲ್ಲಿ ಒಂದು ಚೀಲ. ಓಣಿ ಒಂದೇ ಏಟಿಗೆ ನಡುಗಿತು. ಇವನು ಮನೆಗಳನ್ನು ಗುರುತು ಹಾಕಿಕೊಳ್ಳುತ್ತಿದ್ದಾನೆ ಎಂದು ಒಬ್ಬರು ಬರೆದರು. ನಡಿಗೆ ನೋಡಿದರೆ ಮಿಲಿಟರಿಯಲ್ಲಿದ್ದವನು ಎಂದು ಇನ್ನೊಬ್ಬರು.

"ನೋಡು ಅವ್ವಾ, ಇಂವ ಅಡ್ಡಾಡಾಕತ್ಯಾನಂತ ಹುಷಾರಿರು," ಎಂದು ನಮ್ರತಾ ಫೋನನ್ನು ತಾಯಿಯ ಮುಖಕ್ಕೆ ಹಿಡಿದಳು.

ಶಾಂತವ್ವ ರೊಟ್ಟಿ ಬಡಿಯುತ್ತಿದ್ದಳು. ನೋಡಿದಳು. ಕೈ ನಿಂತಿತು.

ಆ ಕೋಟು ರಾಣೆಬೆನ್ನೂರು ಡಿಪೋದ್ದು. ಬಸ್ ಡ್ರೈವರ್ ಕರಬಸಪ್ಪನದು. ಟೊಪ್ಪಿಗೆ ಅವನು ಚಳಿಗಾಲದ ರಾತ್ರಿ ಪಾಳಿಗೆ ಹಾಕುತ್ತಿದ್ದ ಮಂಕಿ ಕ್ಯಾಪು. ಒಳಗಿದ್ದವಳು ಅವನ ಹೆಂಡತಿ.

ಹೋದ ವರ್ಷ ಕರಬಸಪ್ಪ ಉಂಡು ಮಲಗಿದವನು ಏಳಲಿಲ್ಲ. ಮಗಳು ಬಂದು ತಾಯಿಯನ್ನು ಕರೆದುಕೊಂಡು ಬಂದಳು. ಶಾಂತವ್ವ ತನ್ನ ಜೊತೆ ಗಂಡನ ಫೋಟೋ, ಕೋಟು, ಟೊಪ್ಪಿಗೆ ತಂದಳು. ಹೂ ಮುಡಿಯುವುದು ಅವಳಿಗೆ ಮುಗಿದಿತ್ತು. ಫೋಟೋಕ್ಕೆ ಹೂ ಇಡುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಹೂ ಸಿಗುತ್ತಿತ್ತು. ಅದಕ್ಕೆ ವಾಸನೆಯೇ ಇಲ್ಲ. ಅವರ ಊರು ಗೋವಿನಕೊಪ್ಪದಲ್ಲಿ ನಸುಕಿಗೆ ಎದ್ದು ಓಣಿಯ ಕಂಪೌಂಡುಗಳಿಂದ ಹೂ ಹರಿದು ತರುವುದು ಎಲ್ಲ ಮುದುಕಿಯರ ಪದ್ಧತಿ. ಪೂಜೆಗೆ ಹರಿದ ಹೂ ಕಳವಿನ ಲೆಕ್ಕಕ್ಕೆ ಬರುವುದಿಲ್ಲ. ಈ ನಿಯಮ ಗೋವಿನಕೊಪ್ಪದಿಂದ ಏಪೆಕ್ಸ್‌ವರೆಗೆ ನಡೆಯುತ್ತದೆಂದು ಅವಳು ತಿಳಿದಿದ್ದಳು.

ಈಗ ಬಾಯಿ ಬಿಟ್ಟರೆ ಮಗಳ ಮಾನ ಹೋಗುತ್ತದೆ. ಬಿಡದಿದ್ದರೆ ತನ್ನ ಜೀವ ಹೋದೀತು. ಮನೆಯಲ್ಲೇ ಕೂತರೆ ಫೋಟೋ ಬೋಳು.

"ಯಾರೋ ಮುದುಕ ಇರಬೇಕು ಬಿಡ," ಎಂದಳು.

"ಮುದುಕ ಅಲ್ಲ ಅತ್ತಿ, ಟ್ರೇನಿಂಗ್ ಆದಾಂವ," ಎಂದ ಸೌರಭ್. ಅವನ ಕಣ್ಣು ಹೊಳೆಯುತ್ತಿತ್ತು. ಇಷ್ಟು ದಿನ ಕಾದದ್ದಕ್ಕೂ ಒಬ್ಬ ಸಿಕ್ಕಿದ್ದ.

ಅಂದಿನಿಂದ ಮನೆಯಲ್ಲಿ ಬಂದೂಕಿನ ಮಾತೇ ಮಾತು. ಚಿಕ್ಕದು ಕೊಳ್ಳುವುದೋ, ಉದ್ದದ್ದು ಕೊಳ್ಳುವುದೋ. ಶಶಿಕಾಂತ್ ಫೋನಿನಲ್ಲಿ ಕನ್ಯೆ ತೋರಿಸಿದಂತೆ ಒಂದೊಂದರ ಗುಣ ವರ್ಣಿಸಿದ. ಶಾಂತವ್ವ ಮೊದಲ ಅಡ್ಡಗಾಲು ಹಾಕಿದಳು.

"ಅಳ್ಯಾರ, ಈ ಮನಿ ಗ್ವಾಡಿ ರಟ್ಟಿಂದು. ನಾ ಈ ಕಡೆ ಕೆಮ್ಮಿದ್ರ ನೀವು ಆ ಕಡೆ ನೀರು ತಂದ ಕೊಡ್ತೀರಿ. ಗುಂಡು ಎಲ್ಲಿ ನಿಂದ್ರತದ?"

ಸೌರಭ್ ಗೋಡೆ ನೋಡಿದ. ಗುಂಡು ನಿಲ್ಲುವುದಿಲ್ಲವೆಂಬುದು ಅವನಿಗೂ ಹೊಳೆಯಿತು. ಅತ್ತೆಯ ಕೋಣೆ ದಾಟಿ, ಪಕ್ಕದ ಮನೆಯ ಅಲಮೇಲು ಆಂಟಿಯ ಅಡುಗೆಮನೆ ಹೊಕ್ಕು, ಅವರ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಾತ್ರೆಯಲ್ಲಿ ನಿಲ್ಲಬಹುದು.

"ಅದಕ್ಕ ಬ್ಯಾರೆ ಕಾಡತೂಸು ಬರ್ತಾವು ಅತ್ತಿ."

ಎರಡನೆಯ ಅಡ್ಡಗಾಲನ್ನು ಸರಕಾರವೇ ಹಾಕಿತು. ಸೌರಭ್‌ನಂತೆ ಕೆಲಸದ ವೀಸಾದ ಮೇಲೆ ಇರುವವರಿಗೆ ಬಂದೂಕು ಮಾರುವಂತಿಲ್ಲ. ಇದು ಕೇಳಿ ಶಾಂತವ್ವ ಬಸವಣ್ಣನಿಗೆ ಕೈ ಮುಗಿದಳು. ಮುಗಿದ ಕೈ ಇಳಿಸುವ ಮೊದಲೇ ಶಶಿಕಾಂತ್ ಇನ್ನೊಂದು ಹೇಳಿದ. ಬೇಟೆಯ ಲೈಸೆನ್ಸ್ ಇದ್ದರೆ ಮಾರಬಹುದಂತೆ.

ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಅಂಗಡಿಯವನ ಪ್ರಾಣ ತಿನ್ನುವ ಹುಡುಗ, ಚಿಪ್ಸ್ ಪೊಟ್ಟಣದ ಹಿಂದಿನ ಸಣ್ಣ ಅಕ್ಷರವನ್ನು ಭಕ್ತಿಯಿಂದ ಓದುವ ಹುಡುಗ, ಬೇಟೆಗಾರನಾಗಲು ಕೂತ. ಕಂಪ್ಯೂಟರಿನಲ್ಲಿ ಪಾಠ. ಜಿಂಕೆಯ ಗುಂಡಿಗೆ ಎಲ್ಲಿರುತ್ತದೆ ಎಂಬ ವಿಡಿಯೋ ಬಂದಾಗ ಕಣ್ಣು ಮುಚ್ಚಿ ಕಿವಿಯಿಂದಷ್ಟೇ ಕಲಿತ. ಪಾಸಾದ. ಕೊರಳಲ್ಲಿ ಲಿಂಗ, ಕಿಸೆಯಲ್ಲಿ ಬೇಟೆಯ ಲೈಸೆನ್ಸು.

ಜೊತೆಗೆ ಕಿತ್ತಳೆ ಬಣ್ಣದ ಒಂದು ತೋಳಿಲ್ಲದ ಅಂಗಿಯೂ ಮನೆಗೆ ಬಂತು. ನೋಡಿದರೆ ಕಣ್ಣು ಕುಕ್ಕುವ ಬಣ್ಣ.

"ಇದ್ಯಾಕ?" ಎಂದಳು ಶಾಂತವ್ವ.

"ಬೇಟಿಗೆ ಹೋದಾಗ ಹಾಕ್ಕೋಬೇಕು ಅತ್ತಿ. ಇಲ್ಲಂದ್ರ ಬ್ಯಾರೆ ಬೇಟಿಗಾರರು ಜಿಂಕಿ ಅಂತ ತಿಳಿದು ನಮಗs ಹೊಡೀತಾರ."

"ಅಂದ್ರ ಬಂದೂಕ ಇದ್ದಾಂವಗೂ ಬಂದೂಕದ್ದ ಅಂಜಿಕಿ."

"ಹಂಗಲ್ಲ ಅತ್ತಿ."

"ಮತ್ತ ಹೆಂಗ?"

ಸೌರಭ್‌ಗೆ ಆಫೀಸಿನ ಕೆಲಸ ನೆನಪಾಯಿತು.

ಶನಿವಾರ ಬಂದೂಕಿನ ಅಂಗಡಿಗೆ ಹೊರಟರು. ಶಾಂತವ್ವ ತಾನೂ ಬರುತ್ತೇನೆಂದಳು. ಹೇಗಾದರೂ ಮಾಡಿ ಕೆಡಿಸಿಬರಬೇಕೆಂದು ಅವಳ ಲೆಕ್ಕ. ಹಿಂದಿನ ವಾರ ನೆಗಡಿಯ ಗುಳಿಗೆ ಕೊಳ್ಳಲು ಹೋದಾಗ ಔಷಧಿ ಅಂಗಡಿಯವಳು ಅದನ್ನು ಹಿಂದೆ ಬಚ್ಚಿಟ್ಟು, ಗುರುತಿನ ಕಾರ್ಡು ಕೇಳಿ, ಮುಖವನ್ನೂ ಕಾರ್ಡನ್ನೂ ಹೋಲಿಸಿ ನೋಡಿದ್ದಳು. ಇಲ್ಲಿ ಬಂದೂಕುಗಳು ಛತ್ರಿಗಳ ಹಾಗೆ ಸಾಲಾಗಿ ನಿಂತಿದ್ದವು. ನೆಗಡಿಗೆ ಹೆದರುವ ದೇಶ, ಎಂದುಕೊಂಡಳು.

ಗಡ್ಡದ ಮಾರಾಟಗಾರ ನಕ್ಕು ಸ್ವಾಗತಿಸಿದ. ಮೊದಲನೆಯದನ್ನು ಮೇಜಿನ ಮೇಲಿಟ್ಟ. ಸೌರಭ್ ಎತ್ತಿ ಹಿಡಿದ. ಶಾಂತವ್ವ ದೂರದಿಂದಲೇ ಮೂಗು ಮುರಿದಳು.

"ಹಗೂರ ಐತಿ. ಬಾಳಕಿ ಬರಂಗಿಲ್ಲ."

ಸೌರಭ್ ಅದನ್ನು ಇಂಗ್ಲಿಷಿಗೆ ಇಳಿಸಿದ. ಗಡ್ಡದವನು ಎರಡನೆಯದು ತಂದ.

"ನಳಗಿ ಸಣ್ಣದು. ನಮ್ಮ ಒಲಿ ಊದೂ ಕೊಳವಿ ಇದಕ್ಕಿಂತ ದಪ್ಪ ಇತ್ತು."

ಮೂರನೆಯದರ ಹಿಡಿ ಅವಳಿಗೆ ಸೇರಲಿಲ್ಲ. ಮುಂದಿನದಕ್ಕೆ ಗುಲಾಬಿ ಬಣ್ಣ ಬಳಿದಿದ್ದರು, ಹೆಂಗಸರಿಗಂತೆ. "ಇದ ಹಿಡಕೊಂಡ ಕಳ್ಳಗ ಆರತಿ ಮಾಡಬೇಕೇನು?" ಎಂದಳು. ಗಡ್ಡದವನು ಆ ಮಾತು ಇಂಗ್ಲಿಷಿನಲ್ಲಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿ ಅವಳನ್ನು ಗೌರವದಿಂದ ನೋಡಿದ.

"ಮಬ್ಬಿನಾಗ ನಿಂತಾಂವ ಯಾರಂತ ಇದಕ್ಕ ತಿಳೀತದೇನು, ಕೇಳ್ರಿ."

ಎದುರಿಗಿದ್ದವರು ಯಾರೆಂದು ಖಾತ್ರಿಯಾಗದೆ ಗುರಿ ಇಡಲೇಬಾರದು, ಅದು ಮೊದಲ ಪಾಠ ಎಂದು ಗಡ್ಡದವನು ಗಂಭೀರವಾಗಿ ಹೇಳಿದ. ಈ ಮಾತು ಅಳಿಯನ ಕಿವಿಗೆ ಬಿತ್ತೆಂದು ಶಾಂತವ್ವನಿಗೆ ಸ್ವಲ್ಪ ಉಸಿರು ಬಂತು. ಆದರೆ ಗಡ್ಡದವನು ಅಲ್ಲಿಗೆ ನಿಲ್ಲಲಿಲ್ಲ. ಒಳಗೆ ಹೋದ. ಈ ತಾಯಿಗೆ ಸಾಮಾನ್ಯ ಮಾಲು ನಡೆಯುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು. ತೊಟ್ಟಿಲ ಮಗುವನ್ನು ತರುವಂತೆ ಎರಡೂ ಕೈಯಲ್ಲಿ ಒಂದನ್ನು ತಂದು ಮಲಗಿಸಿದ. ಕಪ್ಪಗೆ, ಉದ್ದಕ್ಕೆ, ದಪ್ಪ ನಳಿಗೆ. ತುದಿಯಲ್ಲಿ ಬ್ಯಾಟರಿ ದೀಪ.

ಶಾಂತವ್ವ ಅದನ್ನು ತುದಿಯಿಂದ ಹಿಡಿಯವರೆಗೆ ನೋಡಿದಳು. ಹೆಸರಿಡಲು ಏನೂ ಸಿಗಲಿಲ್ಲ. ಸೀರೆ ಅಂಗಡಿಯಲ್ಲಿ ಜೀವಮಾನವೆಲ್ಲ ಮಾಡಿದ್ದೂ ಇದನ್ನೇ. ಎಲ್ಲ ಬೇಡ ಬೇಡ ಎಂದು, ಕೊನೆಗೆ ಒಳಗಿಟ್ಟ ಮಾಲು ಹೊರಗೆ ತೆಗೆಸುವುದು.

"ಅತ್ತಿ ಸುಮ್ಮನಾದ್ರು ಅಂದ್ರ ಪಾಸ್ ಆತು," ಎಂದು ಸೌರಭ್ ಅದನ್ನೇ ಕೊಂಡ.

ಬಂದೂಕು ಮನೆಗೆ ಬಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಮಲಗಿತು. ಭಾನುವಾರಗಳಲ್ಲಿ ವಾಲ್ಟರ್ ಬಂದು ಅದನ್ನು ಹಿಡಿಯುವುದು ಹೇಗೆಂದು ಸೌರಭ್‌ಗೆ ಕಲಿಸಿದ. ಕಾಡತೂಸುಗಳನ್ನು ನಮ್ರತಾ ತನ್ನ ಒಡವೆಯ ಲಾಕರಿನಲ್ಲಿಟ್ಟು ಬೀಗ ಹಾಕಿದಳು. ಶಾಂತವ್ವ ನಸುಕಿಗೆ ಏಳುವುದು ನಿಲ್ಲಿಸಿದಳು. ಎದ್ದರೂ ಕಿಟಕಿಯವರೆಗೆ ಮಾತ್ರ. ಫೋಟೋದ ಮೇಲೆ ನಮ್ರತಾ ಒಂದು ಪ್ಲಾಸ್ಟಿಕ್ ಮಾಲೆ ಹಾಕಿದಳು. ತೊಳೆದರೆ ಮತ್ತೆ ಹೊಸದಾಗುತ್ತದಂತೆ. ಅದರ ಹಿಂದೆ ಕರಬಸಪ್ಪ ಎಲೆಕ್ಷನ್ನಿಗೆ ನಿಂತವನ ಹಾಗೆ ಕಾಣುತ್ತಿದ್ದ. ಶಾಂತವ್ವನಿಗೆ ಅನ್ನ ಸೇರಲಿಲ್ಲ.

ಅಷ್ಟರಲ್ಲಿ ಆಯುಧ ಪೂಜೆ ಬಂತು. ಕಾರು, ಲ್ಯಾಪ್‌ಟಾಪು, ಮಿಕ್ಸಿ, ಜನರೇಟರು, ಈ ವರ್ಷ ಬಂದೂಕು. ತನಗೆ ಬಂದೂಕು ಹೇಳಿಕೊಟ್ಟ ಗುರುವೆಂದು ಸೌರಭ್ ವಾಲ್ಟರನನ್ನೂ ಕರೆದಿದ್ದ. ಹಿಂದಿನ ಸಂಜೆ ನಮ್ರತಾ ಅಂಗಡಿಯಿಂದ ತಂದ ಹೂವನ್ನು ಫ್ರಿಜ್ಜಿನ ಬರ್ಫದ ಖಾನೆಯಲ್ಲಿ ಇಟ್ಟಿದ್ದಳು. ಬೆಳಗ್ಗೆ ತೆಗೆದರೆ ಒಗ್ಗರಣೆಯ ಕರಿಬೇವಿನಂತಾಗಿತ್ತು.

ಕರಬಸಪ್ಪ ಪ್ರತಿ ವರ್ಷ ಈ ದಿನ ತನ್ನ ಬಸ್ಸಿಗೆ ಹಳದಿ ಸೇವಂತಿಗೆಯ ಮಾರುದ್ದ ಮಾಲೆ ಹಾಕುತ್ತಿದ್ದ. ಉಳಿದ ತುಂಡನ್ನು ಮನೆಗೆ ತಂದು ಹೆಂಡತಿಯ ಕೈಗೆ ಕೊಡುತ್ತಿದ್ದ. "ಬಸ್ಸಿಂದ ಉಳದದ್ದು," ಎನ್ನುತ್ತಿದ್ದ. ಬೇಕೆಂದೇ ಉಳಿಸುತ್ತಿದ್ದ.

ಅಳಿಯ ಸ್ನಾನಕ್ಕೆ ಹೋದ. ಮಗಳು ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ಹೊರಗೆ ಇನ್ನೂ ಮಬ್ಬು. ಶಾಂತವ್ವ ಕೋಟು ತೊಟ್ಟಳು, ಟೊಪ್ಪಿಗೆ ಎಳೆದುಕೊಂಡಳು, ಹಿಂಬಾಗಿಲಿನಿಂದ ಹೋದಳು. ವಾಲ್ಟರನ ಅಂಗಳದಲ್ಲಿ ಹಳದಿ ಸೇವಂತಿಗೆ ಬಿಸ್ಕೀಟಿನಷ್ಟಗಲ ಅರಳಿತ್ತು. ಚೀಲ ತುಂಬಿದಳು.

"ಎಲ್ಲಿಂದ ಬಂದ್ವು ಅತ್ತಿ?" ಎಂದ ಸೌರಭ್, ಕಣ್ಣರಳಿಸಿ.

"ಒಬ್ಬರ ಕೊಟ್ರು."

ಹಬ್ಬದ ಗಡಿಬಿಡಿಯಲ್ಲಿ ಯಾರೂ ಮುಂದೆ ಕೇಳಲಿಲ್ಲ. ಪೂಜೆ ನಡೆಯಿತು. ನಳಿಗೆಗೆ ಮೂರು ಬೆರಳಿನ ವಿಭೂತಿ, ಹಿಡಿಗೆ ಕುಂಕುಮ, ಮೈತುಂಬ ಸೇವಂತಿಗೆ. ಬಂದೂಕು ಮದುಮಗಳಂತೆ ಮಣೆಯ ಮೇಲೆ ಕೂತಿತ್ತು. ಕರಬಸಪ್ಪನ ಫೋಟೋಕ್ಕೂ ಅದೇ ಹೂ. ಪ್ಲಾಸ್ಟಿಕ್ ಮಾಲೆ ಕಸದ ಬುಟ್ಟಿಯಲ್ಲಿ.

ಮಂಗಳಾರತಿ ಎತ್ತುವಾಗ ವಾಲ್ಟರ್ ಬಂದ. ಮುಖ ಕೆಂಪಗಿತ್ತು, ಕೈಯಲ್ಲಿ ಫೋನಿತ್ತು. ಆ ಮನುಷ್ಯ ಇವತ್ತು ಬೆಳಗ್ಗೆ ಮತ್ತೆ ಬಂದಿದ್ದ ಎಂದು ಹೇಳಲು ಬಾಯಿ ತೆರೆದವನು ಹೂ ತೊಟ್ಟ ಬಂದೂಕನ್ನು ನೋಡಿ ನಿಂತ. ಹತ್ತಿರ ಬಂದು ಒಂದು ಹೂವನ್ನು ಬೆರಳಿನಿಂದ ಎತ್ತಿ ನೋಡಿದ. ಮುಖ ಅರಳಿತು.

"ಅಂತೂ ಹೊಡೆದೆಯಾ ಅವನನ್ನ?" ಎಂದು ಇಂಗ್ಲಿಷಿನಲ್ಲಿ ಕೇಳಿ ಸೌರಭ್‌ನ ಬೆನ್ನು ತಟ್ಟಿದ. "ನನ್ನ ಹೂವೆಲ್ಲ ವಾಪಸ್ ಸಿಕ್ಕಿದೆಯಲ್ಲ. ಸದ್ದೇ ಕೇಳಲಿಲ್ಲ."

ಸೌರಭ್ ಹೂ ನೋಡಿದ. ಫೋಟೋದ ಮೇಲಿನ ಹೂ ನೋಡಿದ. ಫೋಟೋದಲ್ಲಿ ಕರಬಸಪ್ಪ ತೊಟ್ಟಿದ್ದ ಖಾಕಿ ನೋಡಿದ. ಆಮೇಲೆ ಬಾಗಿಲ ಹಿಂದಿನ ಗೂಟಕ್ಕೆ ತೂಗುತ್ತಿದ್ದ ಕೋಟು ನೋಡಿದ. ಅದರ ಕಿಸೆಯಿಂದ ಒಂದು ಸೇವಂತಿಗೆ ಇಣುಕುತ್ತಿತ್ತು.

"ಅವ್ವಾ," ಎಂದಳು ನಮ್ರತಾ, ಬಹಳ ಮೆಲ್ಲಗೆ.

"ನಾನs," ಎಂದಳು ಶಾಂತವ್ವ. "ದೇವರಿಗೆ ಹರದ ಹೂ ಕಳುವಲ್ಲ. ಅವರಿಗೆ ಇಂಗ್ಲಿಷಿನ್ಯಾಗ ಹೇಳ."

ಸೌರಭ್ ಕೋಟಿನ ಕಿಸೆಯಿಂದ ಆ ಹೂ ತೆಗೆದ. "ಅತ್ತಿ, ಮತ್ತ ಅವತ್ತ ಅಂಗಡ್ಯಾಗ ನೀವು…"

"ನನಗ ಹೊಡ್ಯೂ ಬಂದೂಕ ನಾನs ಆರಿಸೀನಿ. ಛಲೋದ ಆರಿಸೀನಿ."

ವಾಲ್ಟರ್ ಎಲ್ಲವನ್ನೂ ಕೇಳಿಸಿಕೊಂಡ. ಹೋಳಿಗೆ ತಿಂದ, ಇನ್ನೊಂದು ಕೇಳಿದ, ಆಮೇಲೆ ತೀರ್ಪು ಹೇಳಿದ. ಎಡಗಡೆಯ ಗಿಡ ಅವಳದು. ಬಲಗಡೆಯದು ಹೂವಿನ ಪ್ರದರ್ಶನಕ್ಕೆ ಹೋಗುವಂಥದ್ದು, ಮುಟ್ಟಿದರೆ ಸುಮ್ಮನಿರುವುದಿಲ್ಲ. ಮತ್ತೆ ಆ ಕೋಟಿನಲ್ಲಿ ಮಬ್ಬಿನಲ್ಲಿ ತಿರುಗಬಾರದು. ಈ ಓಣಿಯಲ್ಲಿ ಬೇರೆ ಮನೆಗಳಲ್ಲೂ ಬಂದೂಕುಗಳಿವೆ, ಅವಕ್ಕೆ ಯಾರೂ ಹೂ ಇಟ್ಟಿಲ್ಲ ಎಂದ. ಅಷ್ಟು ಹೊತ್ತು ನಗುತ್ತಿದ್ದವನು ಇದನ್ನು ಹೇಳುವಾಗ ನಗಲಿಲ್ಲ.

ಸೌರಭ್ ಅಂಗಡಿಗೆ ಫೋನ್ ಮಾಡಿದ. ಮಾರಿದ ಬಂದೂಕು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಶಶಿಕಾಂತ್‌ಗೆ ಮಾಡಿದ. ಅವನು ಎಲ್ಲ ಕೇಳಿ ಹೇಳಿದ: "ಕಳ್ಳರು ಮನಿಯೊಳಗಿನವರs ಅಂದ್ರ ಉದ್ದಂದು ಉಪಯೋಗಿಲ್ಲ ದೋಸ್ತ. ಸಣ್ಣದೊಂದು ತಗೋ." ಸೌರಭ್ ಫೋನ್ ಇಟ್ಟ.

ಮರುದಿನ ನಸುಕಿಗೆ ಶಾಂತವ್ವ ಕೋಟು ತೊಟ್ಟು ಹೊರಟಳು. ಬಾಗಿಲಲ್ಲಿ ಅಳಿಯ ನಿಂತಿದ್ದ. ಅವನ ಕೈಯಲ್ಲಿ ಆ ಕಿತ್ತಳೆ ಅಂಗಿ.

"ಇದನ್ನ ಹಾಕ್ಕೊಂಡ ಹೋಗ್ರಿ ಅತ್ತಿ."

"ನಾ ಏನ ಜಿಂಕಿ ಏನ್ರಿ?"

"ಜಿಂಕಿ ಹೊಡ್ಯಾಕ ಸೀಸನ್ ಅಂತ ಇರತದ ಅತ್ತಿ. ನಿಮಗ ಇಲ್ಲ."

ಹಾಕಿಕೊಂಡಳು, ಗಂಡನ ಕೋಟಿನ ಮೇಲೆ. ಯಾರಿಗೂ ಕಾಣದಂತೆ ಹೂ ಹರಿಯುತ್ತಿದ್ದವಳು ಈಗ ಮೂರನೆಯ ಬೀದಿಗೂ ಕಾಣುತ್ತಿದ್ದಳು. ಒಂದೊಂದೇ ಮನೆಯ ದೀಪ ಹತ್ತಿತು. ನಾಯಿಗಳು ಬೊಗಳಿದವು. ಓಡಲು ಹೊರಟ ಗಂಡಸೊಬ್ಬ ಕೈ ಬೀಸಿದ. ಅಲಮೇಲು ಆಂಟಿ ಕಿಟಕಿಯಿಂದ ಕೂಗಿ, "ಶಾಂತಮ್ಮನೋರೇ, ನಂಗೂ ನಾಕು ಹೂ ತನ್ನಿ," ಎಂದರು. ಸೂರ್ಯ ಹುಟ್ಟುವಷ್ಟರಲ್ಲಿ ಅವಳ ಚಿತ್ರ ಓಣಿಯ ಗುಂಪಿನಲ್ಲಿತ್ತು. ಸೇವಂತಿಗೆ ಬೇಟೆ ಆರಂಭವಾಗಿದೆ ಎಂದು ಕೆಳಗೆ ಬರೆದಿದ್ದವನು ವಾಲ್ಟರ್.

ಮನೆಗೆ ಬಂದಳು. ಅಂಗಿ ತೆಗೆಯುವ ತಾಳ್ಮೆಯೂ ಇರಲಿಲ್ಲ. ಹಾಗೇ ಹೋಗಿ ಫೋಟೋದ ಮುಂದೆ ನಿಂತು ಹೂ ಇಟ್ಟಳು. ಖಾಕಿಯಲ್ಲಿ ಕರಬಸಪ್ಪ ಎಂದಿನಂತೆ ನೆಟ್ಟಗೆ ನೋಡುತ್ತಿದ್ದ.

"ನಗಬ್ಯಾಡ್ರಿ," ಎಂದಳು ಶಾಂತವ್ವ.